ಸಣ್ಣ ಅಕ್ಷರದ ಸಾಲು

"ಗುರುಗಳೇ, ಹನ್ನೊಂದು ವರ್ಷದಿಂದ ವ್ರತ, ಉಪವಾಸ, ಸೇವೆ, ಒಂದನ್ನೂ ಬಿಟ್ಟಿಲ್ಲ. ಇನ್ನೆಷ್ಟು ಮಾಡಿದರೆ ದೇವರು ನನ್ನ ಕಡೆ ತಿರುಗಿ ನೋಡುತ್ತಾನೆ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಹಾರ್ಮೋನಿಯಂ ವಾದಕನಿದ್ದ. ಅವನಿದ್ದ ನಾಟಕ ಕಂಪನಿ ಮುಚ್ಚಿತು. ನುಡಿಸುತ್ತಿದ್ದ ಪೆಟ್ಟಿಗೆ ಕಂಪನಿಯದು, ಅದೂ ಹೋಯಿತು. ಅವನಿಗೆ ಬೆರಳು ಮಾತ್ರ ಉಳಿದವು. ಊಟಕ್ಕೆ ಕೂತರೆ ಎಲೆಯ ಅಂಚಿನ ಮೇಲೆ, ಮಲಗಿದರೆ ಎದೆಯ ಮೇಲೆ, ಅವು ತಮ್ಮ ಪಾಡಿಗೆ ನುಡಿಸುತ್ತಿದ್ದವು.

ಆ ಊರಿನ ವ್ಯಾಪಾರಿಯೊಬ್ಬ ಬೋರ್ಡು ಹಾಕಿದ. ಕೇಶತೈಲದ ಪ್ರತಿ ಸೀಸೆಗೂ ಒಂದು ಅದೃಷ್ಟದ ಚೀಟಿ, ಮೊದಲ ಬಹುಮಾನ ಹಾರ್ಮೋನಿಯಂ. ವಾದಕನ ತಲೆ ಪೂರಾ ಬೋಳು. ಆದರೂ ಮೂವತ್ತೆರಡು ಸೀಸೆ ಕೊಂಡ.

"ತಲೇಲಿ ಒಂದು ಕೂದಲಿಲ್ಲ, ಇಷ್ಟೊಂದು ಎಣ್ಣೆ ಯಾತಕ್ರೀ?" ಅಂದಳು ಹೆಂಡತಿ.

"ಕೂದಲಿಗಲ್ಲ ಕಣೇ, ಬೆರಳಿಗೆ."

ಅವಳು ಎಣ್ಣೆಯನ್ನು ದೀಪಕ್ಕೆ ಹಾಕಿದಳು, ಕಿರುಗುಟ್ಟುವ ಬಾಗಿಲಿಗೆ ಹಾಕಿದಳು, ಬಂದ ನೆಂಟರ ತಲೆಗೆಲ್ಲ ಹಾಕಿದಳು. ನೆಂಟರು ಬರುವುದನ್ನು ಬಿಟ್ಟರು.

ಚೀಟಿ ಎತ್ತಿದರು. ಬಹುಮಾನ ಒಬ್ಬ ಗಾಣಿಗನಿಗೆ ಬಂತು. ಅವನು ಆ ಎಣ್ಣೆ ಒಂದು ಹನಿಯೂ ಕೊಂಡವನಲ್ಲ, ಬರೀ ಒಂದು ಕಾರ್ಡಿನಲ್ಲಿ ಹೆಸರು ಬರೆದು ಹಾಕಿದ್ದ. ಪೆಟ್ಟಿಗೆಯನ್ನು ಸುತ್ತಲೂ ನೋಡಿ, "ಇದರೊಳಗೆ ಬಟ್ಟೆ ಇಡಬಹುದಾ?" ಅಂತ ಕೇಳಿದ.

ವಾದಕ ವ್ಯಾಪಾರಿಯ ಹತ್ತಿರ ಹೋದ. ವ್ಯಾಪಾರಿ ಬೋರ್ಡಿನ ತಳ ತೋರಿಸಿದ. ಅಲ್ಲಿ ಇರುವೆ ಸಾಲಿನಂತೆ ಬರೆದಿತ್ತು: 'ಎಣ್ಣೆ ಕೊಳ್ಳಲೇಬೇಕೆಂದಿಲ್ಲ. ಹೆಸರು ಬರೆದು ಹಾಕಿದರೆ ಸಾಕು.'

"ಕೊಂಡವರಿಗೆ ಮಾತ್ರ ಅಂದ್ರೆ ಜೂಜಾಗುತ್ತೆ ರಾಯರೇ, ಕಾನೂನು ಬಿಡಲ್ಲ."

"ಮತ್ತೆ ಇಷ್ಟು ಸಣ್ಣದಾಗಿ ಯಾಕೆ ಬರೆಸಿದ್ರಿ?"

"ದೊಡ್ಡದಾಗಿ ಬರೆಸಿದ್ರೆ ನೀವು ಎಣ್ಣೆ ಕೊಳ್ತಿದ್ರಾ?"

ಗಾಣಿಗ ಪೆಟ್ಟಿಗೆಯನ್ನು ಗಾಡಿಗೆ ಏರಿಸಿಕೊಂಡು ಹೊರಟ. ವಾದಕ ಹಿಂದೆ ಹಿಂದೆಯೇ ಬೀದಿಯ ಕೊನೆಯವರೆಗೂ ನಡೆದ. ಗಾಲಿ ಗುಂಡಿಗೆ ಇಳಿದಾಗ ಪೆಟ್ಟಿಗೆ ತಾನಾಗಿ ಒಂದು ಸ್ವರ ಉಸಿರಿತು. ಅದು ಯಾವ ಸ್ವರ ಅಂತ ಆ ಬೀದಿಯಲ್ಲಿ ಅವನೊಬ್ಬನಿಗೇ ಗೊತ್ತಾಯಿತು.

ಕತೆ ಮುಗಿಯಿತು. ಶಿಷ್ಯ, "ಗುರುಗಳೇ, ಅಂಥ ಸಾಲು ನಮ್ಮ ಮಠದಲ್ಲೂ ಎಲ್ಲಾದರೂ ಬರೆದಿದೆಯೇ?" ಎಂದ.

"ಬರೆದಿದೆಯಪ್ಪಾ," ಎಂದರು ಗುರುಗಳು, "ಅದರ ಮುಂದೆ ಹುಂಡಿ ತಂದಿಟ್ಟವನು ನಾನೇ."