ಕದ ಬಂದ ಮೇಲೆ

"ಗುರುಗಳೇ, ಸಾಲವನ್ನು ಅವಧಿಗೆ ಮೊದಲೇ ತೀರಿಸಲು ಹೊರಡುವುದು ತಪ್ಪೇ?"

ಕೇಳಿದವನು ಮರುಳಪ್ಪ. ಪೇಟೆಯಲ್ಲಿ ಸಣ್ಣದೊಂದು ಜವಳಿ ಅಂಗಡಿ ಇಟ್ಟುಕೊಂಡವನು. ಸೋಮವಾರ ಅಂಗಡಿ ಮುಚ್ಚಿ ಮಠಕ್ಕೆ ಬರುವುದು ಅವನ ರೂಢಿ. ಮನೆ ಕೊಳ್ಳುವುದಕ್ಕಾಗಿ ಆ ಮನೆಯನ್ನೇ ಅಡವಿಟ್ಟು ಸಾಲ ಮಾಡಿದ್ದ. ಹದಿನೈದು ವರ್ಷಕ್ಕೆ ತೀರಬೇಕಾದದ್ದನ್ನು ಎಂಟು ವರ್ಷಕ್ಕೆ ತೀರಿಸುತ್ತೇನೆಂದು ಹಟ ಹಿಡಿದು, ತಿಂಗಳು ತಿಂಗಳೂ ಕಂತಿನ ಮೇಲೆ ಇನ್ನೊಂದು ಕಂತು ಕಟ್ಟುತ್ತಿದ್ದ. ಗುರುಗಳು ಭೇಷ್ ಎನ್ನುತ್ತಾರೆ ಎಂದೇ ಅವನು ಬಂದಿದ್ದ.

ಗುರುಗಳು ದೀಪದ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತದೆ ಕೇಳಿದರು. "ಮನೆಯವರು ಬರಲಿಲ್ಲವೇ? ಸೋಮವಾರ ತಪ್ಪಿಸುತ್ತಿರಲಿಲ್ಲವಲ್ಲ."

"ಬರ್ತೀನಿ ಅಂದಳು. ಒಂದು ತಿಂಗಳಿಂದ ಕೆಮ್ಮು. ಅಷ್ಟು ದೂರ ನಡೆಯೋಕಾಗಲ್ಲ. ಸುಮ್ಮನೆ ಬಂಡಿ ಬಾಡಿಗೆ ಯಾಕೆ ದಂಡ ಅಂತ ನಾನೇ ಬೇಡ ಅಂದೆ."

ಗುರುಗಳು ಹೊಸೆದ ಬತ್ತಿಯನ್ನು ತಟ್ಟೆಗೆ ಹಾಕಿ ಇನ್ನೊಂದು ಎಳೆ ಹತ್ತಿ ತೆಗೆದುಕೊಂಡರು. ಆಮೇಲೆ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಮನೆ ಅಡವಿಟ್ಟವನು ತನ್ನ ಮುಂಬಾಗಿಲಿನ ಎರಡು ಕದಗಳಲ್ಲಿ ಬಲಗಡೆಯದನ್ನು ಕಳಚಿ, ಸಾಲ ಕೊಟ್ಟ ಸಾಹುಕಾರನ ಉಗ್ರಾಣಕ್ಕೆ ಒಪ್ಪಿಸಬೇಕು. ಬೇರೆ ಪತ್ರವಿಲ್ಲ. ಬೀದಿಗೆ ಬೀದಿಯೇ ಸಾಕ್ಷಿ. ಸಾಲ ತೀರಿದ ದಿನ ಸಾಹುಕಾರನೇ ಆ ಕದ ಹೊರಿಸಿಕೊಂಡು ಬಂದು, ಕೂಡಿಸಿಕೊಟ್ಟು, ಆ ಮನೆಯಲ್ಲಿ ಪಾಯಸ ಉಂಡು ಹೋಗಬೇಕು. ಅಲ್ಲಿಯವರೆಗೆ ಬಲಗಡೆಗೆ ಒಂದು ಚಾಪೆ ಇಳಿಬಿಟ್ಟುಕೊಂಡು ಸಂಸಾರ ಮಾಡಬೇಕು. ಸತತ ಎರಡು ಹುಣ್ಣಿಮೆ ಕಂತು ತಪ್ಪಿದರೆ ಎಡಗಡೆಯ ಕದವೂ ಹೋಗುತ್ತದೆ, ಅದರ ಹಿಂದೆ ಮನೆಯೂ ಹೋಗುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಮೂರು ಮನೆಗೆ ಒಂದು ಮನೆ ಹಾಗೆಯೇ ಇತ್ತು. ಒಂಟಿ ಕದದ ಮನೆಗೆ ಕಳ್ಳರೂ ಹೋಗುತ್ತಿರಲಿಲ್ಲ. ಹೋಗಿ ತರುವುದಾದರೂ ಏನನ್ನು?

ಬಡಗಿ ಬಾಡಿಗೆ ಮನೆಯಲ್ಲೇ ಹುಟ್ಟಿ ಬೆಳೆದವನು. ನಲವತ್ತನೆಯ ವಯಸ್ಸಿಗೆ ಸ್ವಂತ ಮನೆ ಕೊಂಡ. ಮನೆಯಲ್ಲಿ ತಾಯಿ, ಹೆಂಡತಿ, ಒಬ್ಬಳು ಮಗಳು. ಸಾಹುಕಾರನಲ್ಲಿ ಮಾಡಿದ ಸಾಲಕ್ಕೆ ಹುಣ್ಣಿಮೆಗೆ ಎರಡು ವರಹದ ಕಂತು, ಹನ್ನೆರಡು ವರ್ಷದ ಅವಧಿ. ಒಂದೇ ತೇಗದ ದಿಮ್ಮಿಯಿಂದ ಎರಡು ಕದಗಳನ್ನು ತಾನೇ ಮಾಡಿ ನಿಲ್ಲಿಸಿದ. ಮುಚ್ಚಿದರೆ ನಡುವೆ ಕೂದಲೂ ತೂರುತ್ತಿರಲಿಲ್ಲ. ಗೃಹಪ್ರವೇಶದ ಮರುದಿನ ಬಲಗದವನ್ನು ಕಳಚಿ ಉಗ್ರಾಣಕ್ಕೆ ಹೊತ್ತುಕೊಂಡು ಹೋದ. ಮಗುವನ್ನು ಬೇರೆಯವರ ಮನೆಯಲ್ಲಿ ಬಿಟ್ಟುಬಂದ ಹಾಗಾಯಿತು ಅವನಿಗೆ.

ಒಂದು ದಿನ ಬಾಗಿಲು ಮಾಡಿಸಲು ಬಂದ ಗಿರಾಕಿಯೊಬ್ಬ ಹೊಸ್ತಿಲಲ್ಲಿ ನಿಂತು, "ಊರಿಗೆಲ್ಲ ಬಾಗಿಲು ಮಾಡೋನ ಮನೆಗೆ ಚಾಪೆಯೇ ಗತಿ" ಎಂದು ನಕ್ಕ. ಬಡಗಿಯೂ ನಕ್ಕ. ಆದರೆ ಊಟಕ್ಕೆ ಕೂತಾಗ ಕಣ್ಣು ಚಾಪೆಯ ಮೇಲೆಯೇ ಇತ್ತು. ಹನ್ನೆರಡು ವರ್ಷ ಕಾಯುವುದು ತನ್ನಿಂದಾಗದು, ಆರು ವರ್ಷಕ್ಕೆ ಕದ ತಂದೇ ತರುತ್ತೇನೆ ಎಂದುಕೊಂಡ. ಮುಂದಿನ ಹುಣ್ಣಿಮೆಗೆ ಸಾಹುಕಾರನ ಮುಂದೆ ಎರಡರ ಬದಲು ನಾಲ್ಕು ವರಹ ಇಟ್ಟ.

ಸಾಹುಕಾರ ಕೆಟ್ಟವನಲ್ಲ. ಬಿಡಿಸಿ ಹೇಳಿದ. "ಆಚಾರಿ, ಹೆಚ್ಚು ಕೊಟ್ಟರೆ ಬೇಡ ಅನ್ನಲ್ಲ, ಅಸಲು ಇಳಿಯುತ್ತೆ. ಆದರೆ ಮುಂದಿನ ಹುಣ್ಣಿಮೆ ಕಂತು ಮುಂದಿನ ಹುಣ್ಣಿಮೆಗೇ ಬರಬೇಕು. ಇಂದು ಹೆಚ್ಚು ಕೊಟ್ಟಿದೀನಿ, ನಾಳೆ ಮಾಫಿ ಮಾಡಿ ಅಂದರೆ ನಡೆಯಲ್ಲ. ಈ ಪೆಟ್ಟಿಗೆ ಒಳಗೆ ಬಿದ್ದದ್ದು ತಿರುಗಿ ನಿನ್ನ ಕೈಗೆ ಬರಲ್ಲ."

"ನಂಗೆ ದುಡ್ಡು ತಿರುಗಿ ಬರೋದು ಬೇಡ ಸಾಹುಕಾರ್ರೇ, ಕದ ತಿರುಗಿ ಬಂದರೆ ಸಾಕು" ಎಂದ ಬಡಗಿ.

ಅಲ್ಲಿಂದ ಆ ಮನೆಗೊಂದು ಹೊಸ ಮಾತು ಬಂತು. ಕದ ಬಂದ ಮೇಲೆ. ಹಾಲು ಅರ್ಧ ಸೇರಿಗೆ ಇಳಿಯಿತು, ಉಳಿದರ್ಧ ಕದ ಬಂದ ಮೇಲೆ. ಮಗಳು ಗೆಜ್ಜೆ ಕೇಳಿದಳು, ಕದ ಬಂದ ಮೇಲೆ. ಹೆಂಡತಿಯ ತಂಗಿಗೆ ಮದುವೆ ಗೊತ್ತಾಯಿತು. ಉಡುಗೊರೆ ಕೊಂಡು, ದಾರಿಯ ಖರ್ಚಿಟ್ಟುಕೊಂಡು ಹೋಗಿಬರಬೇಕು. ಅದೂ ಕದ ಬಂದ ಮೇಲೆ ಎಂದ. ಮದುವೆ ಕದಕ್ಕಾಗಿ ಕಾಯಲಿಲ್ಲ. ಇವರಿಲ್ಲದೆಯೇ ಆಗಿಹೋಯಿತು.

ತಾಯಿಯ ಕಣ್ಣಿಗೆ ಪೊರೆ ಬರುತ್ತಿತ್ತು. ಪೊರೆ ತೆಗೆಯುವ ವೈದ್ಯನೊಬ್ಬ ದೀಪಾವಳಿ ಕಳೆದ ಮೇಲೆ ಊರಿನ ಛತ್ರದಲ್ಲಿ ಹದಿನೈದು ದಿನ ಇಳಿದುಕೊಳ್ಳುತ್ತಿದ್ದ. ಅವನು ಕಣ್ಣು ನೋಡಿ, ಈಗ ತೆಗೆದರೆ ಕಣ್ಣು ಉಳಿಯುತ್ತದೆ, ನಾಲ್ಕು ವರಹವಾಗುತ್ತದೆ ಎಂದ. ನಾಲ್ಕು ವರಹವೆಂದರೆ ಬಡಗಿ ಎರಡು ತಿಂಗಳಲ್ಲಿ ಹೆಚ್ಚಿಗೆ ಕಟ್ಟುತ್ತಿದ್ದ ಹಣ. ಅವನು ಲೆಕ್ಕ ಹಾಕಿ, ಬರುವ ವರ್ಷ ನೋಡೋಣ ಎಂದ. ತಾಯಿ, "ಆಗಲಿ ಬಿಡಪ್ಪ, ನಂಗೇನು ದಾರ ಪೋಣಿಸಬೇಕೇ" ಎಂದಳು. ಮಗನಿಗೆ ಭಾರವಾಗಬಾರದೆಂದು ಆಡಿದ ಮಾತು ಅದು. ಅವನು ಅದನ್ನು ಒಪ್ಪಿಗೆ ಎಂದುಕೊಂಡ.

ಮರುವರ್ಷ ಮಳೆಗಾಲ ಮುಗಿಯುವಾಗ ಮರ ಕೆತ್ತುವ ಬಾಚಿ ಜಾರಿ ಎಡಗೈ ಹೆಬ್ಬೆರಳಿಗೆ ಬಿತ್ತು. ಎರಡು ತಿಂಗಳು ಉಳಿ ಹಿಡಿಯುವಂತಿಲ್ಲ. ಮನೆಯ ದುಡ್ಡಿನ ಡಬ್ಬಿ ಒಲೆಯ ಮೇಲಿನ ಬೋಸಿಯಷ್ಟೇ ಬರಿದು. ಇಷ್ಟು ದಿನ ಹೆಚ್ಚಿಗೆ ಕಟ್ಟಿದ್ದೇನಲ್ಲ, ಎರಡು ಕಂತು ಬಿಡಿ ಎಂದು ಸಾಹುಕಾರನನ್ನು ಕೇಳಲು ಹೊರಟ. ಸಾಹುಕಾರನ ಬೀದಿಯ ತುದಿಯವರೆಗೂ ಹೋದ. ಪೆಟ್ಟಿಗೆಯ ಮಾತು ನೆನಪಾಗಿ ಹಿಂದಕ್ಕೆ ಬಂದ.

ಬಡಗಿಯ ಅಟ್ಟದಲ್ಲಿ ಹಲಗೆಗಳಿದ್ದವು. ಇಂದು ಕೊಯ್ದ ಮರ ಇಂದಿನ ಕೆಲಸಕ್ಕಲ್ಲ, ಮೂರು ಬೇಸಿಗೆ ಒಣಗಬೇಕು. ತಂದೆ ಕೊಯ್ಯಿಸಿ ಇಟ್ಟದ್ದನ್ನು ಮಗ ಬಳಸುತ್ತಾನೆ, ಮಗ ಕೊಯ್ಯಿಸಿದ್ದು ಅವನ ಮುಂದಿನ ದಿನಗಳಿಗೆ. ಒಬ್ಬ ಬಡಗಿ ಎಂಥವನೆಂದು ತಿಳಿಯಬೇಕಾದರೆ ಅವನ ಕೈ ನೋಡಬೇಡ, ಅಟ್ಟ ನೋಡು ಎನ್ನುತ್ತಾರೆ. ಆ ಅಟ್ಟವನ್ನು ಅವನು ಒಂದೇ ದಿನದಲ್ಲಿ ಖಾಲಿ ಮಾಡಿ ಇನ್ನೊಬ್ಬ ಬಡಗಿಗೆ ಮಾರಿದ. ಹನ್ನೆರಡು ವರಹ ಬಂತು. ಎರಡು ಹುಣ್ಣಿಮೆಯ ಕಂತಿಗೆ ನಾಲ್ಕು. ಮದ್ದಿಗೂ ಮನೆಗೂ ಎರಡು. ಆರು ಉಳಿಯಿತು.

ಅದೇ ವಾರ ಕಣ್ಣಿನ ವೈದ್ಯ ಛತ್ರಕ್ಕೆ ಬಂದಿಳಿದ.

ಆ ಆರು ವರಹವನ್ನು ಬಡಗಿ ಪಂಚೆಯ ಅಂಚಿಗೆ ಕಟ್ಟಿಕೊಂಡು ಮನೆಯಿಂದ ಹೊರಬಿದ್ದ. ಬಲಕ್ಕೆ ತಿರುಗಿದರೆ ಛತ್ರ, ಎಡಕ್ಕೆ ತಿರುಗಿದರೆ ಉಗ್ರಾಣ. ಎರಡು ತಿಂಗಳು ಹೆಚ್ಚುವರಿ ಕಟ್ಟಿಲ್ಲ, ಆರು ವರ್ಷದ ಲೆಕ್ಕ ಕೈತಪ್ಪುತ್ತಿದೆ ಎಂಬುದೊಂದೇ ಅವನ ತಲೆಯಲ್ಲಿತ್ತು. ಅವನು ಎಡಕ್ಕೆ ತಿರುಗಿದ. ಉಗ್ರಾಣದಲ್ಲಿ ತನ್ನ ಕದವನ್ನು ಒಮ್ಮೆ ಮುಟ್ಟಿ ನೋಡಿ, ಸಮಾಧಾನಪಟ್ಟುಕೊಂಡು ಮನೆಗೆ ಬಂದ.

ಹೆಂಡತಿ ಬರಿದಾದ ಅಂಚನ್ನು ನೋಡಿದಳು. "ಈ ಮನೇಲಿ ನಾವಿದೀವೋ, ನಮ್ಮ ತಲೆ ಮೇಲೆ ಈ ಮನೆ ಕೂತಿದೆಯೋ, ನಂಗಂತೂ ತಿಳೀತಿಲ್ಲ" ಎಂದಳು.

ಮೂರನೆಯ ವರ್ಷ ಕೈಯಲ್ಲಿ ನಾಲ್ಕು ವರಹ ಹಿಡಿದುಕೊಂಡು ಬಡಗಿಯೇ ತಾಯಿಯನ್ನು ಛತ್ರಕ್ಕೆ ನಡೆಸಿಕೊಂಡು ಹೋದ. ಅಷ್ಟರಲ್ಲಿ ಅವಳು ಗೋಡೆ ಹಿಡಿದು ಓಡಾಡುತ್ತಿದ್ದಳು. ವೈದ್ಯ ಬೆಳಕಿಗೆ ಮುಖ ತಿರುಗಿಸಿ ಬಹಳ ಹೊತ್ತು ನೋಡಿದ. ಹೋದ ವರ್ಷ ಬಂದಿದ್ದರೆ ಆಗುತ್ತಿತ್ತು, ಈಗ ಕೈ ಇಡುವುದಿಲ್ಲ ಎಂದು ಹಣ ಮುಟ್ಟದೆ ಕಳಿಸಿದ. ಬಡಗಿಗೆ ಆ ದಿನ ಬಂದ ದುಃಖ ಸುಳ್ಳಲ್ಲ. ಹಿತ್ತಲಿಗೆ ಹೋಗಿ ಅತ್ತ. ಆದರೆ ಮನುಷ್ಯನ ಬುದ್ಧಿ ವಿಚಿತ್ರ. ಕಣ್ಣಂತೂ ಹೋಯಿತು, ಕದವಾದರೂ ಬೇಗ ಬರಲಿ ಎಂದುಕೊಂಡು, ಆ ನಾಲ್ಕು ವರಹವನ್ನೂ ಅದೇ ಸಂಜೆ ಕಟ್ಟಿಬಂದ.

ಅಟ್ಟ ಖಾಲಿಯಾದ ಮೇಲೆ ಹಸಿ ಮರದಲ್ಲೇ ಕೆಲಸ ಮಾಡಬೇಕಾಯಿತು. ಮಾಡಿದ ಬಾಗಿಲುಗಳು ಮೊದಲ ಬೇಸಿಗೆಗೇ ಸೊಟ್ಟಗಾದವು. ಗಿರಾಕಿಗಳು ಹೊತ್ತು ತಂದು ಅಂಗಳದಲ್ಲಿ ಒರಗಿಸಿ ಹೋದರು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಊರು ಆಡಿಕೊಂಡಿತು. ಅವುಗಳನ್ನು ಪುಕ್ಕಟೆ ಸರಿಮಾಡಿಕೊಡುತ್ತಾ, ನಾಲ್ಕು ಕಟ್ಟುವಲ್ಲಿ ಮೂರು ಕಟ್ಟುತ್ತಾ, ಅಂತೂ ಏಳನೆಯ ವರ್ಷಕ್ಕೆ ಸಾಲ ಮುಗಿಸಿದ. ಹನ್ನೆರಡರಲ್ಲಿ ಐದು ವರ್ಷ ಉಳಿಸಿದ. ಬಡ್ಡಿಯೂ ಉಳಿಯಿತು. ಅವನ ಲೆಕ್ಕದಲ್ಲಿ ಒಂದು ಕಾಸಿನ ತಪ್ಪೂ ಇರಲಿಲ್ಲ.

ಸಾಹುಕಾರ ಕದ ಹೊರಿಸಿಕೊಂಡು ಬಂದ. ಬೀದಿಯವರೆಲ್ಲ ಸೇರಿದರು. ಬಡಗಿ ತಾನೇ ಚಾಪೆ ಕಿತ್ತೆಸೆದು, ಕದವನ್ನು ಚೌಕಟ್ಟಿಗೆ ಕೂಡಿಸಿದ. ಉಗ್ರಾಣದ ನೆರಳಿನಲ್ಲಿದ್ದ ಬಲಗದ ಏಳು ವರ್ಷದ ಹಿಂದಿನಂತೆಯೇ ಇತ್ತು. ಬಿಸಿಲು ಮಳೆಯಲ್ಲಿ ನಿಂತಿದ್ದ ಎಡಗದ ಬಣ್ಣಗೆಟ್ಟು, ತುಸು ಬಾಗಿತ್ತು. ಪಾಯಸ ಉಂಡು ಎಲ್ಲರೂ ಹೋದರು. ಬಡಗಿ ಏಳು ವರ್ಷದ ಮೇಲೆ ಮೊದಲ ಬಾರಿಗೆ ಎರಡೂ ಕದ ಮುಚ್ಚಿ ಚಿಲಕ ಹಾಕಿದ. ನಡುವೆ ಒಂದು ಬೆರಳಿನಷ್ಟು ಸಂದಿ ಉಳಿಯಿತು. ಅದರಿಂದ ಒಂದು ಗೆರೆ ಬಿಸಿಲು ಒಳಗೆ ಬಂದು, ಎದುರಿಗೆ ಕೂತಿದ್ದ ತಾಯಿಯ ಕಣ್ಣಿನ ಮೇಲೆ ನೇರವಾಗಿ ಬಿತ್ತು. ಅವಳ ರೆಪ್ಪೆ ಅಲುಗಲಿಲ್ಲ.

ಚಾಪೆ ಇದ್ದಾಗ ಅದು ಸರಿದ ಸದ್ದಿನಿಂದಲೇ ಯಾರು ಬಂದರು, ಯಾರು ಹೋದರು ಎಂದು ಅವಳು ಹೇಳುತ್ತಿದ್ದಳು. ಈಗ ಸದ್ದಿರಲಿಲ್ಲ.

"ಅವ್ವಾ, ಕದ ಬಂತು" ಎಂದ ಬಡಗಿ.

"ಬಂತೇನಪ್ಪ? ಒಳ್ಳೇದಾಯ್ತು" ಎಂದಳು ತಾಯಿ. ಮಗನ ಸಂತೋಷಕ್ಕೆ ಅವಳಿಗೂ ಸಂತೋಷವೇ ಆಗಿತ್ತು. ಕೈ ಚಾಚಿ ಗಾಳಿಯಲ್ಲಿ ಹುಡುಕುತ್ತಾ ಕೇಳಿದಳು. "ಈಗ ಮುಚ್ಚಿದೆಯೋ, ತೆಗೆದಿದೆಯೋ?"

ಗುರುಗಳು ಕತೆ ನಿಲ್ಲಿಸಿದರು. ತಟ್ಟೆಯಲ್ಲಿ ಬತ್ತಿಗಳು ತುಂಬಿದ್ದವು.

ಮರುಳಪ್ಪ ಕೇಳಿದ. "ಹಾಗಾದರೆ ಹೆಚ್ಚು ಕಟ್ಟಲೇಬಾರದು ಅಂತಲೇ, ಗುರುಗಳೇ? ಸಾಲ ಬೇಗ ಕಳೆಯಲಿ ಅನ್ನೋದು ಒಳ್ಳೆಯ ಬುದ್ಧಿ ಅಲ್ಲವೇ?"

"ಒಳ್ಳೆಯ ಬುದ್ಧಿಯೇ. ಬಡಗಿಯ ಪಕ್ಕದ ಮನೆಯಲ್ಲಿ ಒಬ್ಬ ಬುಟ್ಟಿ ಹೆಣೆಯುವವನಿದ್ದ. ಅವನದೂ ಒಂಟಿ ಕದ. ಸಂತೆ ಚೆನ್ನಾಗಿ ಆದ ತಿಂಗಳು ಒಂದು ವರಹ ಹೆಚ್ಚು ಕಟ್ಟುತ್ತಿದ್ದ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದ ತಿಂಗಳು ಕಂತಷ್ಟೇ ಕಟ್ಟಿ ಸುಮ್ಮನಿರುತ್ತಿದ್ದ. ಗಿರಾಕಿಗಳು ಅವನ ಚಾಪೆಗೂ ನಕ್ಕರು. ಅದನ್ನು ಹೆಣೆದವನೂ ಅವನೇ, ಇಂಥದು ನಿಮಗೂ ಒಂದು ಬೇಕೇ ಎಂದು ಕೇಳಿ ಎರಡು ಮಾರಿದ. ಹತ್ತನೆಯ ವರ್ಷಕ್ಕೆ ಅವನ ಕದವೂ ಬಂತು. ಅವನ ಕತೆಯನ್ನು ಯಾರೂ ಹೇಳುವುದಿಲ್ಲ. ಹೇಳುವಂಥದ್ದು ಆ ಮನೆಯಲ್ಲಿ ಏನೂ ನಡೆಯಲಿಲ್ಲ."

ಮರುಳಪ್ಪನ ಮುಖ ಗೆಲುವಾಯಿತು. ನಮ್ಮ ಮನೆಯಲ್ಲಿ ಅಂಥದೇನೂ ಆಗಿಲ್ಲ, ದೇವರ ದಯೆ ಎಂದು ಹೇಳಿ, ಗುರುಗಳ ಪಾದಕ್ಕೆ ನಮಸ್ಕಾರ ಮಾಡಿ ಎದ್ದ. ಶಲ್ಯ ಹೆಗಲಿಗೆ ಹಾಕಿಕೊಂಡು ಮೆಟ್ಟಿಲವರೆಗೆ ಹೋದ. ಗುರುಗಳು ಹಿಂದಿನಿಂದ ಕೂಗಿ ಕರೆದರು.

"ಮರುಳಪ್ಪ, ಹೆಂಡತಿಯ ಕೆಮ್ಮಿಗೆ ಪಂಡಿತರನ್ನು ಯಾವಾಗ ಕರೆಸುತ್ತೇನೆಂದು ಹೇಳಿ ಬಂದಿದ್ದೀಯೆ?"

"ಸಾಲ ತೀರಿದ ಮೇಲೆ..." ಎಂದ ಮರುಳಪ್ಪ, ಹೆಗಲ ಶಲ್ಯ ತೆಗೆದು ಮೆಟ್ಟಿಲ ಮೇಲೆಯೇ ಕೂತುಬಿಟ್ಟ.