ಒಂದು ಕೊಪ್ಪರಿಗೆ, ಎರಡು ಮುನಿಸು

ಕೆಂಜಿಪುರದ ಅರಸ ಉದಯಭೂಪನಿಗೆ ಒಂದು ಹೆಮ್ಮೆ. "ಈ ಊರಿನಲ್ಲಿ ಕೋಳಿಗಿಂತ ಮೊದಲು ಏಳುವವನು ನಾನೊಬ್ಬನೇ" ಎಂದು ಯಾರು ಸಿಕ್ಕರೂ ಹೇಳುತ್ತಿದ್ದ. ಹೇಳಿಕೊಂಡ ಮೇಲೆ ಏಳದೆ ವಿಧಿಯಿಲ್ಲ. ದಿನಾ ಕತ್ತಲಲ್ಲೇ ಎದ್ದು, ಪಟ್ಟದಾನೆ ಏರಿ, ಅಂಬಾರಿಯಲ್ಲಿ ಬಿಸಿ ಬಿಸಿ ಸಿಹಿಹುಗ್ಗಿ ತಿನ್ನುತ್ತಾ ಊರು ನೋಡಿ ಬರುವುದು ಅವನ ವ್ರತ.

ಈ ವ್ರತದ ದೆಸೆಯಿಂದ ಅರಮನೆಯಲ್ಲಿ ಇಬ್ಬರು ಮಾತು ಬಿಟ್ಟಿದ್ದರು. ಒಬ್ಬರು ಅಡುಗೆಮನೆಯ ಹಿರಿಯರಾದ ಅಳಸಿಂಗಾಚಾರ್ಯರು, ಇನ್ನೊಬ್ಬ ಗಜಶಾಲೆಯ ಕಾಳನಾಯಕ. ಅರಮನೆಗೆ ಇದ್ದದ್ದು ಒಂದೇ ದೊಡ್ಡ ಕೊಪ್ಪರಿಗೆ. ಅರಸನ ಪರಿವಾರದ ಹುಗ್ಗಿಯೂ ಅದರಲ್ಲೇ, ಆನೆಗಳ ಅನ್ನವೂ ಅದರಲ್ಲೇ, ಎರಡೂ ಕೋಳಿ ಕೂಗುವ ಮೊದಲೇ. ಹಾಗಾಗಿ ಒಂದು ದಿನ ಆನೆಗೆ ಉಪವಾಸ, ಇನ್ನೊಂದು ದಿನ ಅರಸನಿಗೆ ತಣ್ಣನೆಯ ಹುಗ್ಗಿ.

ಕೊನೆಗೆ ದೂರು ಆಸ್ಥಾನಕ್ಕೆ ಬಂತು. ಇನ್ನೊಂದು ಕೊಪ್ಪರಿಗೆ ಮಾಡಿಸೋಣವೆಂದು ಮಂತ್ರಿ ಬಾಯಿ ತೆರೆದ.

"ನಮ್ಮಜ್ಜ ಒಂದೇ ಕೊಪ್ಪರಿಗೆ ಇಟ್ಟುಕೊಂಡು ರಾಜ್ಯ ಆಳಿದ" ಎಂದ ಅರಸ. ಮಂತ್ರಿ ಬಾಯಿ ಮುಚ್ಚಿದ. ಅರಸನ ಕಣ್ಣು ವಿದೂಷಕನ ಮೇಲೆ ಬಿತ್ತು. "ಕೋನಪ್ಪ, ನಿನಗೆ ನಾಲಿಗೆ ಉದ್ದವಲ್ಲವೇ? ನಾಳೆ ಇವರಿಬ್ಬರೂ ಒಂದೇ ಮಾತನ್ನು ಒಂದೇ ದನಿಯಲ್ಲಿ ನನ್ನೆದುರು ಹೇಳಬೇಕು. ಇಲ್ಲದಿದ್ದರೆ ನಾಡಿದ್ದಿನಿಂದ ನೀನು ಆನೆ ಲದ್ದಿ ಹೊರು."

ಊಟದ ತಟ್ಟೆಗಿಂತ ಭಾರವಾದದ್ದನ್ನು ಕೋನಪ್ಪ ಜನ್ಮದಲ್ಲಿ ಎತ್ತಿದವನಲ್ಲ. ಅವನಿಗೆ ನಿಜಕ್ಕೂ ಭಯವಾಯಿತು. ಆದರೂ ಕೇಳಿದ. "ಅವರು ಒಪ್ಪಿ ಹೇಳಿದ್ದನ್ನು ಮಹಾಪ್ರಭುಗಳು ನಡೆಸಿಕೊಡುತ್ತೀರಾ?"

"ಅವರು ಒಪ್ಪುವುದುಂಟೇ? ಒಪ್ಪಿದರೆ ನಡೆಸಿಕೊಟ್ಟೆ, ಹೋಗು. ಇದು ನನ್ನ ಮಾತು."

ಮಧ್ಯಾಹ್ನ ಕೋನಪ್ಪ ಇಬ್ಬರನ್ನೂ ಕೊಪ್ಪರಿಗೆಯ ಆಚೆ ಈಚೆ ಕೂರಿಸಿದ.

"ಕೋನಪ್ಪ, ಆ ಮನುಷ್ಯನಿಗೆ ಹೇಳು, ಆನೆ ಅನ್ನದ ತಳ ಉಜ್ಜಿ ಉಜ್ಜಿ ನನ್ನ ಕೈರೇಖೆಯೇ ಅಳಿಸಿಹೋಗಿದೆ" ಎಂದರು ಆಚಾರ್ಯರು.

"ಕೋನಪ್ಪನೋರೇ, ಆ ಸ್ವಾಮಿಗೋಳಿಗೆ ಹೇಳಿ, ಹಸಿದ ಆನೆ ಸೊಂಡ್ಲು ಬೀಸೋದು ನನ್ನ ಕಡೆಗೆ, ಅವರ ಕಡೆಗಲ್ಲ" ಎಂದ ಕಾಳನಾಯಕ.

ನಡುವೆ ಇದ್ದದ್ದು ಒಂದು ಕೊಪ್ಪರಿಗೆಯಷ್ಟು ಜಾಗ. ಆದರೂ ಪ್ರತಿ ಮಾತೂ ಕೋನಪ್ಪನ ಕಿವಿ ಸುತ್ತಿಕೊಂಡೇ ಹೋಗಬೇಕು. ಸ್ವಲ್ಪ ಹೊತ್ತಿಗೆ ಅವನಿಗೆ ಸಾಕಾಯಿತು.

"ಕೊಪ್ಪರಿಗೆ ಯಾರಿಗೆ ಅನ್ನೋದು ಹಾಳಾಗಲಿ. ಅಷ್ಟು ಬೇಗ ಯಾಕೆ ಬೇಕು, ಅದನ್ನ ಹೇಳಿ."

"ಅರಸರು ಆನೆ ಏರೋ ಹೊತ್ತಿಗೆ ಹುಗ್ಗಿ ಬಿಸಿ ಇರಬೇಕಲ್ಲ" ಎಂದರು ಆಚಾರ್ಯರು.

"ಅರಸರು ಏರೋಕೆ ಮುಂಚೆ ಆನೆ ಉಂಡಿರಬೇಕಲ್ಲ" ಎಂದ ಕಾಳನಾಯಕ.

"ಸರಿ. ಏರಿದ ಮೇಲೆ ಅರಸರು ಏನು ಮಾಡ್ತಾರೆ?"

ಆಚಾರ್ಯರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಎರಡನೇ ತುತ್ತಿಗೇ ಗೊರಕೆ. ಬಟ್ಟಲು ಹಾಗೇ ವಾಪಸ್ ಬರುತ್ತೆ."

"ಹಾಗೇ ಎಲ್ಲಿ ಬರುತ್ತೆ ಸ್ವಾಮಿ?" ಕಾಳನಾಯಕ ಮೊದಲ ಸಲ ನೇರವಾಗಿ ಅವರ ಕಡೆ ತಿರುಗಿದ. "ಅರ್ಧ ಹುಗ್ಗಿ ಆನೆ ತಲೆ ಮೇಲೆ. ದಿನಾ ಅದರ ಕಿವಿಯಿಂದ ದ್ರಾಕ್ಷಿ ತೆಗೀತೀನಿ."

"ನಾನು ತುಪ್ಪದಲ್ಲಿ ಹುರಿದ ದ್ರಾಕ್ಷಿನಾ?"

"ಅದೇ. ಚೆನ್ನಾಗಿರುತ್ತೆ. ನಾನೇ ತಿಂತೀನಿ."

ಆಚಾರ್ಯರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ತಡೆಯಲಾಗಲಿಲ್ಲ. ತಮ್ಮ ಅಡುಗೆಯನ್ನು ಎಚ್ಚರವಾಗಿದ್ದು ತಿನ್ನುವವನು ಅರಮನೆಯಲ್ಲಿ ಅವನೊಬ್ಬನಾದರೂ ಇದ್ದಾನಲ್ಲ. ಕಾಳನಾಯಕನೂ ನಕ್ಕ. ಕೋನಪ್ಪ ಎದ್ದು ಹಾಯಾಗಿ ಮೈಮುರಿದ.

ಮರುದಿನ ತುಂಬಿದ ಆಸ್ಥಾನದಲ್ಲಿ ಇಬ್ಬರೂ ಕೈಮುಗಿದು ಒಂದೇ ದನಿಯಲ್ಲಿ ಹೇಳಿದರು. "ಮಹಾಪ್ರಭುಗಳು ದಿನಾ ಇನ್ನೊಂದು ಜಾವ ಮಲಗಬೇಕು."

"ಆಗ ಮೊದಲು ಆನೆ ಅನ್ನ ಬೇಯುತ್ತೆ, ಆಮೇಲೆ ಹುಗ್ಗಿ" ಎಂದರು ಆಚಾರ್ಯರು.

"ನಡುವೆ ಕೊಪ್ಪರಿಗೆ ಉಜ್ಜೋದು ನಾನು" ಎಂದ ಕಾಳನಾಯಕ.

ಅರಸನ ಮುಖ ಕೆಂಪಾಯಿತು. "ಕೋಳಿಗಿಂತ ಮೊದಲು ಏಳುವ ನಾನು ಮಲಗಬೇಕೇ? ನಾನು ಮಲಗಿದರೆ ಕತ್ತಲಲ್ಲಿ ಊರು ನೋಡುವವರು ಯಾರು?"

ಕೋನಪ್ಪ ಬಗ್ಗಿ ನಮಸ್ಕರಿಸಿದ. "ಆನೆ, ಮಹಾಪ್ರಭು. ಇಷ್ಟು ದಿನವೂ ಅದೇ ನೋಡುತ್ತಿತ್ತು."

ಪರದೆಯ ಹಿಂದೆ ರಾಣಿ ಕಿಸಕ್ಕೆಂದಳು. ಅರಸ ಅತ್ತ ತಿರುಗಿ ಗದರಲು ಹೋಗಿ, ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. ಹೆಗಲ ಶಾಲು ತೆಗೆದು ಕೋನಪ್ಪನಿಗೆ ಹೊದಿಸಿ, "ಕೊಟ್ಟ ಮಾತು ತಪ್ಪಲಾದೀತೇ" ಎಂದು ದೊಡ್ಡದಾಗಿ ಆಕಳಿಸಿದ.

ಮರುದಿನ ಕೆಂಜಿಪುರದಲ್ಲಿ ಎಲ್ಲರಿಗಿಂತ ಮೊದಲು ಎದ್ದದ್ದು ಕೋಳಿ.