ಗಾಳಿ ಅಳೆಯುವ ಯಂತ್ರ ಮತ್ತು ತಾಯಿಬೆಕ್ಕು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ತಿಪ್ಪವ್ವನ ಮನೆ. ಅವಳ ಅಡುಗೆಮನೆಯಲ್ಲಿ, ಸೌದೆ ಒಲೆಯ ಪಕ್ಕ, ಒಂದು ಬೆಕ್ಕು ತನ್ನ ಒಂದೇ ಮರಿಯೊಂದಿಗೆ ಸುಖವಾಗಿತ್ತು. ವಿಶ್ವವಿದ್ಯಾಲಯದವರು ಸಂಶೋಧನೆಗೆಂದು ಗಾಳಿಯಲ್ಲಿನ ಹೊಗೆ-ಧೂಳು ಅಳೆಯುವ ಯಂತ್ರವೊಂದನ್ನು ಅಲ್ಲಿನ ಗೋಡೆಗೆ ತೂಗುಹಾಕಿ, ಅಂಥದ್ದೇ ಇನ್ನೊಂದನ್ನು ಬೀದಿಯ ಕಂಬಕ್ಕೆ ಕಟ್ಟಿ ಹೋದರು.

ಮರಿಗೆ ಕೆಮ್ಮು ಹತ್ತಿತು. "ಎಲ್ಲಾ ಆ ಹಾಳು ಬಸ್ಸುಗಳ ಹೊಗೆ!" ಎಂದು ಬೆಕ್ಕು ಮರಿಯನ್ನು ಒಲೆಯ ಬಳಿಗೆ ಇನ್ನಷ್ಟು ಎಳೆದುಕೊಂಡಿತು. ಕೆಮ್ಮು ಜೋರಾಯಿತು.

ಯಂತ್ರಕ್ಕೆ ತಡೆಯಲಾಗಲಿಲ್ಲ. "ಅಕ್ಕಾ, ಬೀದಿಯ ಗಾಳಿ ಚೆನ್ನಾಗಿಲ್ಲ, ನಿಜ. ಆದರೆ ಒಲೆ ಉರಿಯುವಾಗ ಇಲ್ಲಿಯದು ಅದಕ್ಕಿಂತ ಕೆಟ್ಟದ್ದು. ಕಂಬದ ಮೇಲಿನ ನನ್ನ ಜೊತೆಗಾರನನ್ನೂ ಕೇಳಿದೆ."

ಬೆಕ್ಕು ಬಾಲ ಉಬ್ಬಿಸಿತು. "ನಮ್ಮ ಗೋಡೆಗೆ ನೇತಾಡುತ್ತ ನಮ್ಮ ಒಲೆಯನ್ನೇ ದೂರುತ್ತೀಯಾ? ಎಷ್ಟು ಚಳಿಗಾಲ ನನ್ನನ್ನು ಕಾಪಾಡಿದ ಒಲೆಯಿದು!"

"ಒಲೆಯ ಮೇಲೆ ನಿನಗೆ ಪ್ರೀತಿಯಿರಲಿ ಅಕ್ಕಾ. ಮರಿಯ ಎದೆಗೆ ಆ ಪ್ರೀತಿ ತಿಳಿಯದು."

ಬೆಕ್ಕು ಮರಿಯತ್ತ ನೋಡಿತು. ಅದರ ಪಕ್ಕೆಗಳು ಬಿರುಸಾಗಿ ಏರಿಳಿಯುತ್ತಿದ್ದವು. ಅದನ್ನು ಕಚ್ಚಿಕೊಂಡು ಕಿಟಕಿಯಿಂದ ಹಿತ್ತಲಿಗೆ ಹಾರಿತು.

ಮರಿಯನ್ನು ಹುಡುಕುತ್ತ ತಿಪ್ಪವ್ವನೂ ಕೆಮ್ಮುತ್ತಲೇ ಹೊರಬಂದಳು. ಬೇವಿನ ನೆರಳಲ್ಲಿ ಕುಳಿತು ಎದೆ ತುಂಬ ಉಸಿರೆಳೆದಳು. "ಅಯ್ಯೋ, ಇಲ್ಲೆಷ್ಟು ಹಾಯಾಗಿದೆ!" ಎಂದವಳು ಮರುದಿನ ಒಲೆಯನ್ನು ಅಲ್ಲೇ ಹೂಡಿದಳು.

ಹೊಗೆ ಆಕಾಶದ ದಾರಿ ಹಿಡಿಯಿತು. ಮರಿ ಬೆಚ್ಚಗೆ ನಿದ್ದೆಹೋಯಿತು. ಆಗ ಬೆಕ್ಕು ಕಿಟಕಿಯೊಳಗೆ ಇಣುಕಿ ಯಂತ್ರವನ್ನು ಕರೆಯಿತು:

"ನೀನೊಬ್ಬನೇ ಒಳಗೇನು ಮಾಡುತ್ತೀ ತಮ್ಮಾ? ಹೊರಗೆ ಬಾ."